ಚಂದ್ರನನ್ನು ನೋಡಲು ಹುಣ್ಣಿಮೆ ಬೇಡ, ಅಷ್ಟಮಿ ಆರಿಸಿಕೊಳ್ಳಿ

ಟೆಲಿಸ್ಕೋಪಿನಲ್ಲಿ ಚಂದ್ರನನ್ನು ನೋಡುವ ಆಸೆಯಿದ್ದರೆ ಹುಣ್ಣಿಮೆಗೆ ಹೋಗಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ಲ ಪಕ್ಷದ ಸಪ್ತಮಿಯಿಂದ ದಶಮಿಯೊಳಗಿನ ಒಂದು ದಿನ ಹುಡುಕಿ. ಹುಣ್ಣಿಮೆಯಂದು ಬಿಸಿಲು ಚಂದ್ರನ ಮೇಲೆ ನಮ್ಮ ಕಡೆಯಿಂದಲೇ ನೇರವಾಗಿ ಬೀಳುತ್ತದೆ, ನೆರಳು ಕಾಣುವುದೇ ಇಲ್ಲ. ಎಲ್ಲಾ ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆ. ಅಷ್ಟಮಿಯ ಹೊತ್ತಿಗೆ ಬೆಳಕು ಕತ್ತಲೆ ಸೇರುವ ಗೆರೆಯ ಹತ್ತಿರ ಬಿಸಿಲು ಓರೆಯಾಗಿ ಬೀಳುವುದರಿಂದ ಕುಳಿಗಳ ಅಂಚು, ಚಂದ್ರನ ಮೇಲಿನ ಅಪೆನೈನ್ ಎಂಬ ಬೆಟ್ಟಸಾಲು ಉದ್ದ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಕಣ್ಣನ್ನು ಆ ಗೆರೆಯ ಆಸುಪಾಸಿನಲ್ಲೇ ಜಾಸ್ತಿ ಹೊತ್ತು ಇಡಿ. ಸಂಜೆ ಕತ್ತಲಾಗುವಾಗಲೇ ಚಂದ್ರ ನೆತ್ತಿಯ ಕಡೆ ಇರುತ್ತಾನೆ, ಹಾಗಾಗಿ ಮಕ್ಕಳ ನಿದ್ದೆ ಕೆಡಿಸಬೇಕಿಲ್ಲ. (ಪಕ್ಷ ನೋಡದೆ ಕೃಷ್ಣ ಅಷ್ಟಮಿಗೆ ಹೊರಟರೆ ಚಂದ್ರ ಹುಟ್ಟುವುದೇ ನಡುರಾತ್ರಿಗೆ!) ಇದು ಚಂದ್ರನಿಗೆ ಮಾತ್ರ. ಆಂಡ್ರೊಮಿಡಾ ಗ್ಯಾಲಕ್ಸಿ, ಆಕಾಶಗಂಗೆ ಬೇಕಿದ್ದರೆ ಅಮಾವಾಸ್ಯೆಯ ಆಚೀಚೆ, ಊರ ದೀಪಗಳಿಂದ ದೂರ ಹೋಗಬೇಕು. ಗುರು, ಶನಿಗೆ ತಿಥಿಯ ಹಂಗಿಲ್ಲ, ಬೆಂಗಳೂರಿನ ತಾರಸಿಯಿಂದಲೂ ಆಗುತ್ತದೆ. ಆ ತಿಂಗಳು ಸಂಜೆ ಅವು ಆಕಾಶದಲ್ಲಿ ಇರುತ್ತವೆಯಾ ಅಂತ ಮಾತ್ರ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಮುಂದೆ ಯಾವ ಪಂಚಾಂಗವೂ ನಡೆಯುವುದಿಲ್ಲ. ಇನ್ನು ತಮಿಳುನಾಡಿನ ಜವಾದಿ ಬೆಟ್ಟದಲ್ಲಿರುವ ಕಾವಲೂರು ವೀಕ್ಷಣಾಲಯಕ್ಕೆ ಹೋಗುವವರು ಸಾರ್ವಜನಿಕರಿಗೆ ಯಾವತ್ತು ಬಿಡುತ್ತಾರೆ ಅಂತ ಮೊದಲೇ ವಿಚಾರಿಸಿ. ಅಲ್ಲಿನ 2.34 ಮೀಟರ್ ವೈನು ಬಾಪು ಟೆಲಿಸ್ಕೋಪ್ ಇರುವುದು ಸಂಶೋಧನೆಗೆ. ಅದಕ್ಕೇ ಕಣ್ಣಿಟ್ಟು ನೋಡಬಹುದು ಅಂತ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ.