ಬೀರ್‌ಸ್ಟಾಟ್‌ನ ಹಿಮಶಿಖರವನ್ನು ನಕಲು ಮಾಡಿದ ಬಗೆ

ದೂರದ ಬೆಟ್ಟಕ್ಕೆ ನೀಲಿ ಬಳಿಯಬೇಕು ಎನ್ನುವುದು ಚಿತ್ರಕಲೆಯ ತರಗತಿಗಳಲ್ಲಿ ಎಲ್ಲರೂ ಕಲಿಯುವ ಪಾಠ. ಅಮೆರಿಕದ ಚಿತ್ರಕಾರ ಆಲ್ಬರ್ಟ್ ಬೀರ್‌ಸ್ಟಾಟ್ 1863ರಲ್ಲಿ ಬರೆದ ‘ದ ರಾಕಿ ಮೌಂಟನ್ಸ್, ಲ್ಯಾಂಡರ್ಸ್ ಪೀಕ್’ ಚಿತ್ರವನ್ನು ನಕಲು ಮಾಡುವಾಗ ನಾನು ಆ ಪಾಠವನ್ನು ಬದಿಗಿಟ್ಟು, ನೆರಳು-ಬೆಳಕಿನಿಂದ ಆರಂಭಿಸಿದೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಮೂಲಚಿತ್ರ 186.7 ಸೆಂ.ಮೀ. ಎತ್ತರ, 306.7 ಸೆಂ.ಮೀ. ಅಗಲ. ಅದರ ಐದನೇ ಒಂದು ಅಳತೆಗೆ ಕ್ಯಾನ್ವಾಸ್ ಕಟ್ಟಿಸಿದೆ. ಮ್ಯೂಸಿಯಂ ಉಚಿತವಾಗಿ ಕೊಡುವ ಡಿಜಿಟಲ್ ಪ್ರತಿಯನ್ನು ಕಪ್ಪು-ಬಿಳುಪಿಗೆ ತಿರುಗಿಸಿದಾಗ ರಚನೆಯ ಗುಟ್ಟು ಬಯಲಾಯಿತು. ಅಮೆರಿಕದ ಮೂಲನಿವಾಸಿಗಳಾದ ಶೊಶೋನಿ ಜನರ ಬಿಡಾರವಿರುವ ಮುಂಭಾಗ ಮಬ್ಬು. ಅದರಾಚೆ ಜಲಪಾತದ ಮೇಲೆ ಬಿಸಿಲು. ಮತ್ತೆ ನೆರಳಿನ ಇಳಿಜಾರು. ಕೊನೆಗೆ ಬೆಳಗುವ ಶಿಖರ. ಈ ಪಟ್ಟಿಗಳೇ ಕಣ್ಣನ್ನು ಮೈಲಿಗಟ್ಟಲೆ ಒಳಕ್ಕೆ ಎಳೆಯುತ್ತವೆ, ನೀಲಿಯ ಪಾಲು ಕಡಿಮೆ.

ಮೊದಲ ಪದರಕ್ಕೆ ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಬರ್ನ್ಟ್ ಅಂಬರ್ ಎಂಬ ಕಡುಕಂದು ಬಣ್ಣವೊಂದನ್ನೇ ಬಳಸಿ, ಬೆಳಕು ಬೇಕಾದ ಕಡೆ ಬಟ್ಟೆಯಿಂದ ಒರೆಸಿದೆ. ಮೇಲಿನ ಪದರಗಳಿಗೆ ಹೋದಂತೆ ಅಗಸೆ ಎಣ್ಣೆಯ ಪ್ರಮಾಣ ಹೆಚ್ಚಬೇಕು, ಇಲ್ಲವಾದರೆ ಬಣ್ಣ ಬಿರುಕು ಬಿಡುತ್ತದೆ. ಇಂದಿನ ಟೈಟೇನಿಯಂ ಬಿಳಿ ಬೀರ್‌ಸ್ಟಾಟ್‌ನ ಕಾಲದಲ್ಲಿರಲಿಲ್ಲ. ಹಿಮಕ್ಕೆ ಅದು ತೀರ ತಣ್ಣಗೆ ಕಾಣುವುದರಿಂದ ಚೂರು ಯೆಲ್ಲೋ ಓಕರ್ (ಮಣ್ಣಿನ ಹಳದಿ) ಸೇರಿಸಿದೆ. ಹಿಮದ ನೆರಳಿಗೆ ಅಲ್ಟ್ರಾಮರೀನ್ ಎಂಬ ಕಡುನೀಲಿ, ಅಂಬರ್ ಮತ್ತು ಬಿಳಿಯ ಬೂದು. ಹೆಚ್ಚು ಹೊತ್ತು ಹಿಡಿದದ್ದು ಶಿಖರದ ಅಂಚು. ಅದನ್ನು ಉದ್ದಕ್ಕೂ ಒಂದೇ ಹರಿತಕ್ಕೆ ಬಿಟ್ಟರೆ ಕತ್ತರಿಸಿ ಅಂಟಿಸಿದ ಕಾಗದದಂತೆ ಕಾಣುತ್ತದೆ. ಬಂಡೆ ಇರುವಲ್ಲಿ ಗೆರೆಯನ್ನು ಉಳಿಸಿ, ಮೋಡ ತಾಗುವಲ್ಲಿ ಬಣ್ಣ ಹಸಿಯಾಗಿರುವಾಗಲೇ ಒಣ ಕುಂಚದಿಂದ ಸವರಿದೆ.

ಇಂಥದೇ ಬೆಟ್ಟವನ್ನು ಸ್ಥಳದಲ್ಲಿ ಹುಡುಕಿದರೆ ಸಿಗುವುದಿಲ್ಲ. 1859ರಲ್ಲಿ ಫ್ರೆಡರಿಕ್ ಲ್ಯಾಂಡರ್‌ನ ಸರ್ವೇ ತಂಡದೊಂದಿಗೆ ಪಶ್ಚಿಮಕ್ಕೆ ಹೋದ ಬೀರ್‌ಸ್ಟಾಟ್, ಅಲ್ಲಿನ ರೇಖಾಚಿತ್ರಗಳನ್ನು ತಂದು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ತನ್ನ ಇಷ್ಟದಂತೆ ಜೋಡಿಸಿದ. 1862ರಲ್ಲಿ ಲ್ಯಾಂಡರ್ ತೀರಿಕೊಂಡ ಮೇಲೆ ಅವನ ಹೆಸರನ್ನು ಶಿಖರಕ್ಕೆ ಇಟ್ಟ. ಜಲಪಾತದ ಮೇಲಿನ ಬಿಸಿಲಂತೂ ನಾಟಕದ ದೀಪದ ಬೆಳಕೇ ಸರಿ. ಚಿತ್ರ 1865ರಲ್ಲಿ 25,000 ಡಾಲರಿಗೆ ಮಾರಾಟವಾಯಿತು. ಅರ್ಧ ಬೆಲೆಯನ್ನು ಆ ಬಿಸಿಲೇ ದುಡಿದಿರಬೇಕು ಎಂದು ನನ್ನ ಗುಮಾನಿ.

ಬಿಡಾರವನ್ನು ಕೊನೆಗೆ ಸಣ್ಣ ಕುಂಚದಲ್ಲಿ ಬರೆದೆ. ಐದನೇ ಒಂದು ಅಳತೆಯಲ್ಲಿ ಕುದುರೆಗಳು ಬಹಳ ಚಿಕ್ಕವಾಗುತ್ತವೆ, ಆದರೂ ಕೈಬಿಡುವಂತಿಲ್ಲ. ಅವು ಇಲ್ಲದಿದ್ದರೆ ಬೆಟ್ಟದ ಎತ್ತರ ಅಳೆಯಲು ಕಣ್ಣಿಗೆ ಏನೂ ಸಿಗುವುದಿಲ್ಲ. ತೈಲವರ್ಣ ಪೂರ್ತಿ ಒಣಗಲು ತಿಂಗಳುಗಳೇ ಬೇಕು, ಹಾಗಾಗಿ ವಾರ್ನಿಷ್ ಇನ್ನೂ ಹಚ್ಚಿಲ್ಲ.