ಗುರ್ಗಿ ಹೂ ನೋಡೋಕೆ ಹೊರಟವರಿಗೆ

2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ನೀಲಕುರಿಂಜಿ, ಅಂದರೆ ನಮ್ಮ ಗುರ್ಗಿ ಹೂ, ಅರಳಿದೆ ಅಂತ ಸುದ್ದಿ ಬಂತಲ್ಲ, ಆಗ ನಾನು ದೊಡ್ಡಮ್ಮನನ್ನು ಕರ್ಕೊಂಡು ಶನಿವಾರ ಮಧ್ಯಾಹ್ನ ಹೊರಟೆ. ಅದೇ ತಪ್ಪಾಯ್ತು. ಮುಳ್ಳಯ್ಯನಗಿರಿ ರಸ್ತೆ ತುಂಬಾ ಕಾರು. ಮೇಲೆ ಮುಟ್ಟುವಷ್ಟರಲ್ಲಿ ಮಂಜು ಕವಿದು, ಹತ್ತು ಹೆಜ್ಜೆ ಮುಂದಿದ್ದ ದೊಡ್ಡಮ್ಮನೇ ಕಾಣಿಸಲಿಲ್ಲ. ಇನ್ನು ಹೂ ಎಲ್ಲಿಂದ ಕಾಣಬೇಕು!

ಹಾಗಾಗಿ ವಾರದ ನಡುವೆ ಹೋಗಿ, ಬೆಳಗಿನ ಜಾವವೇ ಹೊರಡಿ. ಎರಡನೇ ಸಲ ನಾವು ಹಾಗೇ ಮಾಡಿದ್ದು. ಗಿರಿಗೆ ಹೋಗುವ ಗಾಡಿಗಳಿಗೆ ಈಗ ಆನ್‌ಲೈನಿನಲ್ಲಿ ಮೊದಲೇ ನೋಂದಣಿ ಮಾಡಿಸಬೇಕು, ಅದನ್ನು ಮನೆಯಲ್ಲೇ ಮುಗಿಸಿಕೊಳ್ಳಿ. ಉಂಬಳಕ್ಕೆ (ಜಿಗಣೆಗೆ) ಒಂದು ಪೊಟ್ಟಣ ಉಪ್ಪು, ಫೋನಿಗೆ ಒಂದು ಪ್ಲಾಸ್ಟಿಕ್ ಕವರ್ ಜೇಬಿನಲ್ಲಿರಲಿ.

ಯಾವ ವರ್ಷ ಹೋಗಬೇಕು ಅನ್ನೋದೇ ಕಷ್ಟದ ಪ್ರಶ್ನೆ. ಹನ್ನೆರಡು ವರ್ಷಕ್ಕೊಮ್ಮೆ ಅನ್ನೋದು ನಿಜ, ಆದರೆ ಎಲ್ಲ ಬೆಟ್ಟಗಳೂ ಒಟ್ಟಿಗೆ ಅರಳುವುದಿಲ್ಲ. ಮುನ್ನಾರ್‌ನಲ್ಲಿ 2006, 2018ರಲ್ಲಿ ಅರಳಿತ್ತು, ಅಲ್ಲಿ ಮುಂದಿನದು 2030ಕ್ಕೆ. ನಮ್ಮಲ್ಲಿ 2022ರಲ್ಲಿ ಅರಳಿದ ಇಳಿಜಾರುಗಳ ಲೆಕ್ಕವೇ ಬೇರೆ. ಸುಮ್ನೆ ಒಂದೇ ಲೆಕ್ಕ ನಂಬಿ ರಜೆ ಹಾಕಬೇಡಿ. ಆಗಸ್ಟ್‌ನಿಂದಲೇ ಊರಿನವರಿಗೆ ಫೋನ್ ಮಾಡುತ್ತಾ ಇರಿ. ಮೊಗ್ಗು ಮೊದಲು ಕಣ್ಣಿಗೆ ಬೀಳುವುದು ಅವರಿಗೇ.

ಕಂಡ ನೀಲಿ ಹೂವೆಲ್ಲ ನೀಲಕುರಿಂಜಿ ಅಲ್ಲ. ಈ ಬಳಗದಲ್ಲಿ ಬೇಕಾದಷ್ಟು ಗಿಡಗಳಿವೆ. ಮಹಾರಾಷ್ಟ್ರದ ಕಾರ್ವಿ ಎಂಟು ವರ್ಷಕ್ಕೆ ಅರಳುತ್ತೆ, ಕೆಲವು ವರ್ಷ ವರ್ಷವೂ ಅರಳುತ್ತವೆ. ಸುಮಾರು 1,300 ಮೀಟರಿಗಿಂತ ಮೇಲಿನ ಹುಲ್ಲುಗಾವಲಿನಲ್ಲಿ, ಮೊಣಕಾಲೆತ್ತರದ ಪೊದೆ ಗುಡ್ಡವನ್ನೇ ಮುಚ್ಚಿದ್ದರೆ ಹತ್ತಿರ ಕೂತು ನೋಡಿ. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಅಂಚು ಗರಗಸದ ಹಾಗೆ. ತೆನೆಯಂಥ ಗೊಂಚಲಿನಲ್ಲಿ ಗಂಟೆಯಾಕಾರದ ಹೂಗಳು, ಬಾಯಿ ಐದು ಸೀಳು.

ನಾನು ರಸ್ತೆಯಂಚಿನ ಒಂದೇ ಗಿಡದ ಮುಂದೆ ಅರ್ಧ ಗಂಟೆ ಕೂತಿದ್ದೆ. ಒಂದೇ ತೆನೆಯಲ್ಲಿ ಬಾಡಿದ್ದು, ಅರಳಿದ್ದು, ಇನ್ನೂ ಮುಚ್ಚಿಕೊಂಡಿದ್ದು, ಮೂರೂ ಇದ್ದವು. ಒಂದು ಜೇನು ಬಂದು ಹೂವಿನೊಳಗೆ ತಲೆ ತೂರಿಸಿ, ಹೊರಗೆ ಬರುವಾಗ ಬೆನ್ನಿಗೆಲ್ಲ ಪುಡಿ ಮೆತ್ತಿಕೊಂಡು ಪಕ್ಕದ ಹೂವಿಗೆ ಹಾರಿತು. ದೂರದಿಂದ ನೀಲಿ ಕಂಬಳಿಯ ಹಾಗೆ ಕಾಣುವ ಗುಡ್ಡದಲ್ಲಿ ಇಷ್ಟೆಲ್ಲ ನಡೀತಾ ಇರುತ್ತೆ, ಅಲ್ವಾ?

ಫೋಟೋ ತೆಗೆಯೋಕೆ ಮೋಡ ಇದ್ದರೇ ಒಳ್ಳೇದು. ಬಿಸಿಲಲ್ಲಿ ಫೋನಿಗೆ ಬಣ್ಣ ಪೇಲವವಾಗಿ ಸಿಗುತ್ತೆ. ಫೋನಿನ ಪರದೆಯಲ್ಲಿ ಹೂವಿನ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಇಳಿಸಿ. ಪೊದೆಯ ನಡುವೆ ನಿಂತು ಸೆಲ್ಫಿ ಮಾತ್ರ ಬೇಡ. ನಮ್ಮ ಪಕ್ಕದಲ್ಲೇ ಒಂದು ಜೋಡಿ ಗಿಡಗಳನ್ನು ತುಳಿದುಕೊಂಡು ಒಳಗೆ ಹೋಯಿತು, ಹಿಂದೆ ಒಂದು ಕಾಲುದಾರಿಯೇ ಆಯಿತು. ಮತ್ತೊಬ್ಬರು ಒಂದು ಹಿಡಿ ಕಿತ್ತು ಕಾರಿನ ಮುಂದೆ ಇಟ್ಟುಕೊಂಡರು. ಅವರು ಗಾಡಿ ತಿರುಗಿಸುವ ಮೊದಲೇ ಹೂ ಜೋತುಬಿದ್ದಿತ್ತು.

ನನಗೆ ಸಿಟ್ಟು ಬಂದದ್ದಕ್ಕೆ ಕಾರಣ ಇದೆ. ಈ ಗಿಡ ಹೂ ಬಿಡುವುದು ಜೀವಮಾನದಲ್ಲಿ ಒಂದೇ ಸಲ. ಹೂ ಮುಗಿದು ಬೀಜ ಕಟ್ಟಿತು ಅಂದರೆ ಗಿಡ ಸತ್ತೇಹೋಗುತ್ತೆ. ಮುಂದಿನ ಪೀಳಿಗೆ ಏನಿದ್ದರೂ ಆ ಬೀಜದಿಂದಲೇ ಹುಟ್ಟಬೇಕು. ಹನ್ನೆರಡು ವರ್ಷ ಕಾದ ಗಿಡದ ಹೂ ಕಿತ್ತರೆ ಅದಕ್ಕೆ ಇನ್ನೊಂದು ಅವಕಾಶ ಇಲ್ಲ. ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಕೀಳುವುದು ಅಪರಾಧ. ಗಿಡ ತಂದು ಮನೆ ಕುಂಡದಲ್ಲಿ ನೆಡುವ ಆಸೆಯನ್ನೂ ಬಿಟ್ಟುಬಿಡಿ.

ಆಗುವುದಾದರೆ ಬೇಸಿಗೆಯಲ್ಲಿ ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ. ಯಾರೂ ಇರುವುದಿಲ್ಲ. ನೀಲಿ ಇದ್ದ ಕಡೆ ಬರೀ ಒಣಕಡ್ಡಿ, ಖಾಲಿ ತೆನೆ. ನನಗಂತೂ ಅದೂ ಇಷ್ಟವಾಯಿತು. ಬೀಜ ಬಿದ್ದಿರುವ ಆ ಹೊತ್ತಿನಲ್ಲಿ ಒಣಹುಲ್ಲಿಗೆ ಬೀಡಿ, ಸಿಗರೇಟಿನ ಒಂದು ಕಿಡಿ ಸಾಕು, ಹುಷಾರು.

ಇಳಿಯುವಾಗ ಫೋನಿನ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 2034 ಅಂತ ಗುರುತು ಹಾಕಿದೆ. ದೊಡ್ಡಮ್ಮ ಇಣುಕಿ ನೋಡಿ, "ಆಗ ನಂಗೆ ಎಂಬತ್ತಾರು ಕಣೋ. ಮೆಟ್ಟಿಲಿಲ್ಲದ ಕಡೆ ಹುಡುಕಿಟ್ಟಿರು" ಅಂದರು.