ಹಳೆಯ ಗೀಸರ್ ಬದಲಿಸುವಾಗ ಗಮನಿಸಬೇಕಾದದ್ದು

ಗೀಸರ್ ಕೆಟ್ಟಿತೆಂದ ಮಾತ್ರಕ್ಕೆ ಅದನ್ನು ಬದಲಿಸಲೇಬೇಕೆಂದಿಲ್ಲ. ನೀರು ಕಾಯದಿದ್ದರೆ ಅಥವಾ ಅತಿಯಾಗಿ ಕಾಯುತ್ತಿದ್ದರೆ ದೋಷವು ಸಾಮಾನ್ಯವಾಗಿ ಹೀಟಿಂಗ್ ಕಾಯಿಲ್‌ನಲ್ಲೋ ಬಿಸಿಯ ಮಟ್ಟವನ್ನು ನಿಯಂತ್ರಿಸುವ ಥರ್ಮೋಸ್ಟಾಟ್‌ನಲ್ಲೋ ಇರುತ್ತದೆ; ಇವೆರಡನ್ನೂ ಬಿಡಿಯಾಗಿ ಬದಲಿಸಬಹುದು. ಆದರೆ ಟ್ಯಾಂಕಿನ ಮೈಯಿಂದಲೇ ನೀರು ಜಿನುಗುತ್ತಿದ್ದರೆ ಬೆಸುಗೆ ಹಾಕಿಸುವ ಪ್ರಯತ್ನಕ್ಕೆ ಹೋಗದೆ ಹೊಸದನ್ನು ತರುವುದೇ ಸರಿ. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಕೆಂಪು ಬಣ್ಣದ ನೀರು ಬಂದರೆ ಟ್ಯಾಂಕಿನ ಒಳಮೈ ತುಕ್ಕು ಹಿಡಿದಿರುವ ಸಂಭವ ಹೆಚ್ಚು; ತಣ್ಣೀರಿನಲ್ಲೂ ಅದೇ ಬಣ್ಣವಿದ್ದರೆ ಮೊದಲು ಪೈಪನ್ನು ಪರೀಕ್ಷಿಸಬೇಕು.

ಹೊಸದನ್ನು ಆರಿಸುವಾಗ ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದಕ್ಕಿಂತ, ಒಬ್ಬರ ಹಿಂದೊಬ್ಬರು ಎಷ್ಟು ಬಿಸಿನೀರು ಬಳಸುತ್ತಾರೆ ಎಂಬುದು ಮುಖ್ಯ. 60 ಡಿಗ್ರಿ ಸೆಲ್ಸಿಯಸ್‌ಗೆ ಕಾದ ನೀರಿಗೆ 20 ಡಿಗ್ರಿಯ ತಣ್ಣೀರನ್ನು ಸಮಪಾಲಾಗಿ ಬೆರೆಸಿದರೆ ಸ್ನಾನಕ್ಕೆ ಹದವಾದ 40 ಡಿಗ್ರಿಯ ನೀರು ಸಿಗುತ್ತದೆ. ಹಾಗಾಗಿ 15 ಲೀಟರಿನ ಟ್ಯಾಂಕು ಹೆಚ್ಚೆಂದರೆ 30 ಲೀಟರ್ ಸ್ನಾನದ ನೀರನ್ನು ಕೊಡಬಲ್ಲದು. ಬಕೆಟ್ ಸ್ನಾನಕ್ಕೆ ಇದು ಧಾರಾಳವಾಯಿತು. ನಿಮಿಷಕ್ಕೆ 8 ಲೀಟರ್ ಸುರಿಸುವ ಶವರಿಗಾದರೆ ನಾಲ್ಕು ನಿಮಿಷಕ್ಕೂ ಸಾಲದು. ಟ್ಯಾಂಕಿನ 15 ಲೀಟರ್ ನೀರನ್ನು ಮತ್ತೆ 20ರಿಂದ 60 ಡಿಗ್ರಿಗೆ ಏರಿಸಲು ಸುಮಾರು 0.7 ಯೂನಿಟ್ ವಿದ್ಯುತ್ ಬೇಕು, ಅಂದರೆ 2 ಕಿಲೋವ್ಯಾಟ್ ಗೀಸರ್ ಇಪ್ಪತ್ತು ನಿಮಿಷಕ್ಕೂ ತುಸು ಹೆಚ್ಚು ಉರಿಯಬೇಕು. ಮುಂದಿನವರು ಅಷ್ಟು ಹೊತ್ತು ಕಾಯಲಾರರೆಂದಾದರೆ 25 ಲೀಟರ್ ಅಥವಾ ಅದಕ್ಕಿಂತ ದೊಡ್ಡ ಟ್ಯಾಂಕನ್ನು ಆರಿಸಬೇಕು.

ನೀರು ಹರಿಯುವಾಗಲೇ ಅದನ್ನು ಕಾಯಿಸುವ ಇನ್‌ಸ್ಟಂಟ್ ಗೀಸರ್ ಚಿಕ್ಕದೆಂಬ ಕಾರಣಕ್ಕೆ ಅನೇಕರಿಗೆ ಇಷ್ಟವಾಗುತ್ತದೆ. ಆದರೆ 3 ಕಿಲೋವ್ಯಾಟಿನ ಯಂತ್ರವು ನೀರನ್ನು 20 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡುವಾಗ ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚನ್ನು ಮಾತ್ರ ಕೊಡಬಲ್ಲದು. ಅಡುಗೆಮನೆಯ ಸಿಂಕಿಗೆ ಅದು ಒಪ್ಪುತ್ತದೆ, ಶವರಿಗೆ ಒಪ್ಪುವುದಿಲ್ಲ. ಗ್ಯಾಸ್ ಗೀಸರ್ ಇದಕ್ಕಿಂತ ಹೆಚ್ಚು ನೀರು ಕೊಡುತ್ತದೆ ನಿಜ. ಆದರೆ ಹೊಗೆ ಹೊರಹೋಗುವ ಕೊಳವೆಯೂ ಧಾರಾಳ ಗಾಳಿಯೂ ಇಲ್ಲದ ಕಡೆ, ಅದರಲ್ಲೂ ಬಚ್ಚಲುಮನೆಯೊಳಗೆ, ಅದನ್ನು ಅಳವಡಿಸಲೇಬಾರದು, ಏಕೆಂದರೆ ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಉಸಿರಾಡಿದವರ ಪ್ರಾಣವನ್ನೇ ಅದು ತೆಗೆಯಬಲ್ಲದು. ನೆರಳು ಬೀಳದ ಚಾವಣಿಯಿದ್ದರೆ ಸೋಲಾರ್ ಒಳ್ಳೆಯ ಆಯ್ಕೆ, ಮೋಡದ ದಿನಗಳಿಗೆ ಮಾತ್ರ ಬೇರೆ ಏರ್ಪಾಡು ಇರಬೇಕು. ಸುತ್ತಲಿನ ಗಾಳಿಯ ಶಾಖವನ್ನೇ ನೀರಿಗೆ ಸಾಗಿಸುವ ಹೀಟ್ ಪಂಪ್ ಬಹಳ ಕಡಿಮೆ ವಿದ್ಯುತ್ ಬಳಸುತ್ತದೆ. ಅದಕ್ಕೆ ಜಾಗವೂ ಆರಂಭದ ಖರ್ಚೂ ಹೆಚ್ಚು.

ಗಡಸು ನೀರಿರುವ ಮನೆಯಲ್ಲಿ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುವುದರಿಂದ, ಸುಲಭವಾಗಿ ಬಿಚ್ಚಿ ಶುಚಿ ಮಾಡಬಹುದಾದ ಮಾದರಿಯನ್ನೇ ಕೇಳಿ ಪಡೆಯಬೇಕು. ಬಹುಮಹಡಿ ಕಟ್ಟಡದಲ್ಲಿ ನೀರಿನ ಒತ್ತಡ ಹೆಚ್ಚಿರುವುದರಿಂದ ಟ್ಯಾಂಕು ಎಷ್ಟು ಬಾರ್ ಒತ್ತಡ ತಾಳುತ್ತದೆಂಬುದನ್ನೂ ನೋಡಿಕೊಳ್ಳಬೇಕು.

ಹಳೆಯದನ್ನು ಇಳಿಸುವ ಮೊದಲು ಸ್ವಿಚ್ ಮಾತ್ರವಲ್ಲದೆ ಆ ಲೈನಿನ ವಿದ್ಯುತ್ತನ್ನು ಕಡಿಯುವ ಎಂಸಿಬಿಯನ್ನೂ ಆಫ್ ಮಾಡಿ, ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಟೆಸ್ಟರಿನಿಂದ ಖಚಿತಪಡಿಸಿಕೊಳ್ಳಬೇಕು. ಒಳಗಿನ ನೀರು ತಣಿದ ಮೇಲೆ, ಒಳಬರುವ ನೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು, ಟ್ಯಾಂಕನ್ನು ಪೂರ್ತಿ ಬರಿದು ಮಾಡಬೇಕು; 25 ಲೀಟರ್ ನೀರೆಂದರೆ 25 ಕಿಲೋ ಭಾರ, ಅದರ ಮೇಲೆ ಯಂತ್ರದ ತೂಕ. ಇಬ್ಬರಿದ್ದರೆ ಮಾತ್ರ ಇಳಿಸುವುದಕ್ಕೆ ಕೈ ಹಾಕುವುದು ಒಳ್ಳೆಯದು. ಹೊಸದಕ್ಕೆ ಹಳೆಯ ಬೋಲ್ಟುಗಳನ್ನು ನೆಚ್ಚಿಕೊಳ್ಳಬಾರದು, ಪೊಳ್ಳು ಇಟ್ಟಿಗೆಯ ಗೋಡೆಯಾದರೆ ಅದಕ್ಕೆ ತಕ್ಕ ಆಂಕರ್ ಬಳಸಬೇಕು. ವೈರಿಂಗ್ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್‌ಗೇ ಬಿಡಬೇಕು: 230 ವೋಲ್ಟಿನಲ್ಲಿ 3 ಕಿಲೋವ್ಯಾಟ್ ಯಂತ್ರ 13 ಆಂಪಿಯರ್ ಎಳೆಯುತ್ತದೆ, ಆದ್ದರಿಂದ ಪ್ರತ್ಯೇಕ ಲೈನು, ಸರಿಯಾದ ಅರ್ತಿಂಗ್ ಮತ್ತು ವಿದ್ಯುತ್ ಸೋರಿದೊಡನೆ ಲೈನನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಸೇಫ್ಟಿ ವಾಲ್ವಿನ ವಿಷಯ. ಕಾದ ನೀರು ಹಿಗ್ಗುತ್ತದೆ, ಹಿಗ್ಗಿದ ನೀರಿಗೆ ದಾರಿ ಬೇಕು. ಕಾಯುವಾಗ ಈ ವಾಲ್ವಿನಿಂದ ಕೆಲವು ಹನಿ ನೀರು ಬೀಳುವುದು ಸಹಜ, ಅದನ್ನು ಸೋರಿಕೆಯೆಂದು ಬಗೆದು ಮುಚ್ಚಿಬಿಟ್ಟರೆ ಟ್ಯಾಂಕು ಸಿಡಿಯುವ ಅಪಾಯವಿದೆ.

ಜೋಡಣೆಯಾದ ಮೇಲೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಒಂದೇ ಸಮನೆ ನೀರು ಬರುವವರೆಗೂ ಸ್ವಿಚ್ ಹಾಕಬಾರದು. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಬೇಗನೆ ಸುಟ್ಟುಹೋಗುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವ ಮೆಗ್ನೀಷಿಯಂ ಆನೋಡ್ ಕಂಬಿಯನ್ನು ಒಂದೆರಡು ವರ್ಷಗಳಿಗೊಮ್ಮೆ ತೆಗೆಸಿ ನೋಡಬೇಕು, ಗಡಸು ನೀರಾದರೆ ಇನ್ನೂ ಬೇಗ.